ಸಾವಿರ ಸಾಲುಗಳಲ್ಲಿ ಅಡಗಿದ ಒಂದು ಸಾಲು

ಅದು ನಮ್ಮ ಕಾಲೇಜಿನ ರಾಜ್ಯೋತ್ಸವದ ಸಭೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ವೃದ್ಧರೊಬ್ಬರು ಎದ್ದು ನಿಂತು, ಹೆಗಲ ಮೇಲಿನ ವಸ್ತ್ರವನ್ನು ಸರಿಪಡಿಸಿಕೊಂಡು, “ಎಲ್ಲಿ, ‘ಬೆಳೆ’ ಅಂತ ಹೊಡೀರಿ, ನೋಡೋಣ” ಎಂದರು. ವೇದಿಕೆಯ ಮೇಲಿದ್ದ ವಿದ್ಯಾರ್ಥಿನಿ ಆ ಎರಡು ಅಕ್ಷರಗಳನ್ನು ಒತ್ತಿದಳು. ಹಿಂದಿನ ಬಿಳಿಯ ಪರದೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಉತ್ತರ ಮೂಡಿತು: ‘ಬೆಲೆ—ಕ್ರಯ, ಕೊಂಡ ವಸ್ತುವಿಗೆ ಕೊಡುವ ಹಣ.’

ಸಭೆ ಒಂದು ಕ್ಷಣ ಸ್ತಬ್ಧವಾಯಿತು. ವೃದ್ಧರು ಮಾತ್ರ ನಗಲಿಲ್ಲ. “ಸರಿಯಾಗೇ ಹೇಳ್ತು ಬಿಡಿ, ಸ್ವಾಮಿ. ನಾವು ಬೆಳೆ ಅಂದಾಗಲೆಲ್ಲ ಪ್ಯಾಟೆಯವರಿಗೆ ಬೆಲೆ ಅಂತಲೇ ಕೇಳಿಸೋದು. ನಿಮ್ಮ ಮಿಷನ್ನಿಗೂ ಅದೇ ಕಿವಿ ಇಟ್ಟಿದ್ದೀರಿ” ಎಂದು ಹೇಳಿ ಕುಳಿತುಬಿಟ್ಟರು. ಆಮೇಲೆ ಎದ್ದ ನಗೆಯಲ್ಲಿ ಅಧ್ಯಕ್ಷರ ಭಾಷಣದ ಮೊದಲ ಐದು ನಿಮಿಷಗಳು ಯಾರಿಗೂ ಕೇಳಿಸಲಿಲ್ಲ. ವೇದಿಕೆಯಿಂದ ಇಳಿದುಬಂದ ಹುಡುಗಿಯ ಕಣ್ಣಿನಲ್ಲಿ ನೀರಿತ್ತು.

ಕನ್ನಡದ ಅಧ್ಯಾಪಕನಿಗೂ ಕಂಪ್ಯೂಟರಿನ ಪ್ರೋಗ್ರಾಮಿಗೂ ಏನು ನಂಟು ಎಂದು ವಾಚಕರು ಕೇಳಬಹುದು. ನಂಟು ಇಷ್ಟೆ: ನಮ್ಮ ತರಗತಿಯ ವಿದ್ಯಾರ್ಥಿಗಳು ಎರಡು ವರ್ಷಗಳಿಂದ ಭಾನುವಾರಗಳಂದು ಸುತ್ತಿನ ಹಳ್ಳಿಗಳಿಗೆ ಹೋಗಿ, ಹೊಲಗದ್ದೆ, ಅಡಿಗೆಮನೆ, ದನದ ಕೊಟ್ಟಿಗೆಗಳಲ್ಲಿ ಬಳಕೆಯಲ್ಲಿರುವ ಪದಗಳನ್ನು ಬರೆದುಕೊಂಡು ಬರುತ್ತಿದ್ದಾರೆ. ಮೇಣಿ, ಕುಳ, ನೊಗ ಎಂದು ನೇಗಿಲಿನ ಅಂಗಾಂಗಗಳ ಹೆಸರನ್ನು ಮೊದಲ ದಿನ ನಮಗೆ ಬಿಡಿಸಿ ಹೇಳಿದವರು ಆ ವೃದ್ಧರೇ. ಸಂಗ್ರಹ ಬೆಳೆದಂತೆ ಅದನ್ನು ಯಾರು ಬೇಕಾದರೂ ಹುಡುಕಿ ನೋಡುವಂತಾಗಬೇಕೆಂಬ ಆಸೆ ಹುಟ್ಟಿತು. ಬಿ.ಸಿ.ಎ. ತರಗತಿಯ ಒಬ್ಬ ಹುಡುಗ, ಒಬ್ಬ ಹುಡುಗಿ ಈ ಕೆಲಸಕ್ಕೆ ತಾವಾಗಿ ಮುಂದೆ ಬಂದರು. ಇಬ್ಬರೂ ಬುದ್ಧಿವಂತರು, ಅದಕ್ಕಿಂತ ಹೆಚ್ಚಾಗಿ ಒಳ್ಳೆಯ ಸ್ನೇಹಿತರು. ಆರು ತಿಂಗಳಲ್ಲಿ ಪದಕೋಶ ಸಿದ್ಧವಾಯಿತು. ಅದರ ಮೊದಲ ಪ್ರದರ್ಶನದಲ್ಲೇ ಹೀಗಾಯಿತು.

ತಪ್ಪು ಹೇಗೆ ನುಸುಳಿತು?

ಆಡುಮಾತಿನಲ್ಲಿ ‘ಹಾಲು’ ಎಂಬುದು ‘ಆಲು’ ಆಗುವುದುಂಟು. ಶಕಾರ ಸಕಾರಗಳು ಒಂದರ ಜಾಗದಲ್ಲಿ ಮತ್ತೊಂದು ಕುಳಿತುಕೊಳ್ಳುವುದುಂಟು. ಮಹಾಪ್ರಾಣಗಳು ಅಲ್ಪಪ್ರಾಣಗಳಾಗುವುದಂತೂ ಸರ್ವೇಸಾಧಾರಣ. ಹುಡುಕುವವರು ಹೇಗೆ ಬರೆದರೂ ಪದ ಸಿಕ್ಕಬೇಕೆಂದು ಮಕ್ಕಳು ಪ್ರೋಗ್ರಾಮಿನಲ್ಲಿ ‘ಇದನ್ನೂ ಅದನ್ನೂ ಒಂದೇ ಎಂದು ತಿಳಿ’ ಎಂಬ ಒಂದು ಪಟ್ಟಿಯನ್ನು ಇಟ್ಟಿದ್ದರು. ಒಂದು ರಾತ್ರಿ ಹುಡುಗ, ಪರೀಕ್ಷೆಗಾಗಿ, ಳಕಾರವನ್ನೂ ಲಕಾರವೆಂದೇ ತಿಳಿಯುವಂತೆ ಆ ಪಟ್ಟಿಗೆ ಒಂದು ಸಾಲನ್ನು ಸೇರಿಸಿದ್ದ. ಮಲಗುವ ಮುನ್ನ ಅದನ್ನು ತೆಗೆಯಬೇಕೆಂದು ಎಣಿಸಿದ್ದವನು ಮರೆತ. ವರ್ಣಮಾಲೆಯಲ್ಲಿ ಲಕಾರ ಮೊದಲು ಬರುವುದರಿಂದ ‘ಬೆಳೆ’ ಎಂದು ಕೇಳಿದವರಿಗೆ ‘ಬೆಲೆ’ಯೇ ಮೊದಲು ಎದುರಾಯಿತು.

ಆದರೆ ಅವರಲ್ಲಿ ಒಂದು ಒಳ್ಳೆಯ ನಿಯಮವಿತ್ತು. ಒಬ್ಬರು ಮಾಡಿದ ಯಾವ ಬದಲಾವಣೆಯೂ ಮತ್ತೊಬ್ಬರು ನೋಡಿ ಒಪ್ಪುವ ತನಕ ಮೂಲಪ್ರತಿಗೆ ಸೇರುವಂತಿರಲಿಲ್ಲ. ಹಾಗಿದ್ದ ಮೇಲೆ ಹುಡುಗಿ ನೋಡಲಿಲ್ಲವೆ?

“ನೋಡಿ ಒಪ್ಪಿದ ಮೇಲೇ ಸೇರಿಸಿದ್ದು, ಸಾರ್” ಎಂದ ಹುಡುಗ.

“ಸಾವಿರದ ನೂರು ಸಾಲು ಬದಲಾಗಿದೆ ಅಂತ ತೋರಿಸಿದರೆ ಯಾವುದನ್ನು ಅಂತ ನೋಡಲಿ, ಸಾರ್?” ಎಂದಳು ಹುಡುಗಿ.

ಹುಡುಗ ಅಂದು ನಿಜವಾಗಿ ಬದಲಾಯಿಸಿದ್ದು ಹತ್ತು ಸಾಲೂ ಇಲ್ಲ. ಮಿಕ್ಕ ಸಾವಿರವನ್ನು ಬದಲಾಯಿಸಿದ್ದು ಅವನ ಎಡಿಟರ್. ಎಂದರೆ, ಪ್ರೋಗ್ರಾಮನ್ನು ಬರೆಯಲು ಅವನು ಬಳಸುವ ತಂತ್ರಾಂಶ. ಅದು, ಕಡತವನ್ನು ಉಳಿಸಿದ ಕೂಡಲೇ, ಪ್ರತಿ ಸಾಲಿನ ಮೊದಲಿನ ತೆರಪನ್ನೆಲ್ಲ ಅವನ ಅಭ್ಯಾಸಕ್ಕೆ ತಕ್ಕಂತೆ ಹೊಂದಿಸಿಬಿಟ್ಟಿತ್ತು. ನಿಜವಾದ ಬದಲಾವಣೆ ಈ ಸಂತೆಯಲ್ಲಿ ಕಳೆದುಹೋಯಿತು. ಆ ಒಂದು ದುಷ್ಟ ಸಾಲನ್ನು ಅದೇ ರಾತ್ರಿ ಹುಡುಕಿ ತೆಗೆದುಹಾಕಿದರಾದರೂ, ತಪ್ಪು ಯಾರದು ಎಂಬ ಪ್ರಶ್ನೆ ಉಳಿದುಕೊಂಡಿತು. ನವೆಂಬರಿನಿಂದ ಸಂಕ್ರಾಂತಿಯ ತನಕ ಇಬ್ಬರೂ ಮಾತನಾಡಲಿಲ್ಲ. ಪದಕೋಶದ ಕೆಲಸವೂ ನಿಂತಿತು.

ತೆರಪಿನ ಜಗಳ

ಪ್ರೋಗ್ರಾಂ ಎಂಬುದು ಯಂತ್ರಕ್ಕೆ ಬರೆದುಕೊಡುವ ಅಪ್ಪಣೆಗಳ ಪಟ್ಟಿ. ‘ಹೀಗಾದರೆ, ಹೀಗೆ ಮಾಡು’ ಎಂಬ ಅಪ್ಪಣೆಯಲ್ಲಿ ‘ಹೀಗೆ ಮಾಡು’ ಎಂಬ ಭಾಗವನ್ನು ಕೆಳಗಿನ ಸಾಲಿನಲ್ಲಿ ಸ್ವಲ್ಪ ಬಲಕ್ಕೆ ಸರಿಸಿ ಬರೆಯುವುದು ವಾಡಿಕೆ. ಯಾವ ಅಪ್ಪಣೆ ಯಾವುದಕ್ಕೆ ಅಧೀನ ಎಂಬುದು ಇದರಿಂದ ಕಣ್ಣಿಗೆ ಕಾಣುತ್ತದೆ. ಜಾವಾಸ್ಕ್ರಿಪ್ಟ್, ಸಿ ಮೊದಲಾದ ಅನೇಕ ಭಾಷೆಗಳಲ್ಲಿ ಈ ತೆರಪು ಯಂತ್ರಕ್ಕೆ ಬೇಕಿಲ್ಲ. ಓದುವ ಮನುಷ್ಯನಿಗೆ ಮಾತ್ರ ಬೇಕು. ಎಷ್ಟು ತೆರಪು, ಟ್ಯಾಬ್ ಗುಂಡಿಯಿಂದಲೋ ಸ್ಪೇಸ್ ಗುಂಡಿಯಿಂದಲೋ, ಉದ್ಧರಣ ಚಿಹ್ನೆ ಒಂಟಿಯೋ ಜೋಡಿಯೋ, ಒಂದು ಸಾಲು ಎಷ್ಟು ಉದ್ದವಿರಬಹುದು—ಯಂತ್ರಕ್ಕೆ ಬೇಡವಾದ ಇಂಥ ಸಂಗತಿಗಳ ಮೇಲೆಯೇ ಮನುಷ್ಯರು ದಶಕಗಳಿಂದ ವಾದಿಸುತ್ತ ಬಂದಿದ್ದಾರೆ.

ಇದರಲ್ಲಿ ಕೆಲವು ರೂಢಿಗಳ ಹುಟ್ಟು ಬಹು ಹಳೆಯದು. ಸಾಲು 80 ಅಕ್ಷರಗಳನ್ನು ಮೀರಬಾರದೆಂಬ ಪದ್ಧತಿಯ ಬೇರು ಐ.ಬಿ.ಎಂ. ಸಂಸ್ಥೆ 1928ರಲ್ಲಿ ತಂದ 80 ಕಂಬಸಾಲುಗಳ ರಂಧ್ರಪತ್ರದಲ್ಲಿದೆ. ಆ ರಂಧ್ರಪತ್ರಗಳು ಮರೆಯಾದವು, ಅಳತೆ ಉಳಿಯಿತು. ಪೈಥಾನ್ ಭಾಷೆಯವರು 2001ರಲ್ಲಿ ಪ್ರಕಟಿಸಿದ ಶೈಲಿಸೂತ್ರಗಳಲ್ಲಿ ಸಾಲಿಗೆ 79 ಅಕ್ಷರ, ತೆರಪಿಗೆ ನಾಲ್ಕು ಸ್ಪೇಸ್ ಎಂದು ವಿಧಿಸಿದರು. ಲಿನಕ್ಸ್ ಕರ್ನೆಲ್ಲಿನ ಶೈಲಿಪತ್ರದಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಟು ಅಕ್ಷರದಗಲದ ಟ್ಯಾಬನ್ನು ಪಟ್ಟುಹಿಡಿದು ಸಮರ್ಥಿಸಿದ್ದಾರೆ. ಎಲ್ಲರ ಹತ್ತಿರವೂ ಕಾರಣಗಳುಂಟು. ತೊಂದರೆ ಬರುವುದು ಒಂದೇ ಕಡತದಲ್ಲಿ ಇಬ್ಬರ ಕಾರಣಗಳು ಎದುರುಬದುರಾದಾಗ.

ನಮ್ಮ ಮಕ್ಕಳ ಸಂಗತಿಯೂ ಅದೇ. ಹುಡುಗ ಕಲಿತ ಪಾಠದಲ್ಲಿ ಎರಡು ಸ್ಪೇಸ್ ಎಂದಿತ್ತು. ಅವನು ಎರಡು ಸ್ಪೇಸ್ ಇಡುತ್ತಿದ್ದ. ಹುಡುಗಿ ಟ್ಯಾಬ್ ಒತ್ತುತ್ತಿದ್ದಳು. ಅದಕ್ಕೆ ಕಾರಣವೇನೆಂದು ಅವನೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಹಳೆಯ ವಿದ್ಯಾರ್ಥಿಯ ಆಗಮನ

ಸಂಕ್ರಾಂತಿಗೆ ಊರಿಗೆ ಬಂದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಎಳ್ಳು ಬೀರಲು ಮನೆಗೆ ಬಂದ. ಅವನು ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸದಲ್ಲಿದ್ದಾನೆ. ಕಥೆಯನ್ನೆಲ್ಲ ಕೇಳಿ, “ಸಾರ್, ನಾಳೆ ಇಬ್ಬರನ್ನೂ ಕರೆಸಿ. ತಪ್ಪು ಯಾರದು ಅಂತ ಮಾತ್ರ ಕೇಳಬೇಡಿ” ಎಂದ.

ಮರುದಿನ ಇಬ್ಬರೂ ಬಂದರು. ಒಬ್ಬರು ಕಿಟಕಿಯ ಕಡೆ, ಒಬ್ಬರು ಬಾಗಿಲ ಕಡೆ ಮುಖ ಮಾಡಿ ಕುಳಿತರು. ಅವನು ಆ ರಾತ್ರಿಯ ಬದಲಾವಣೆಯನ್ನು ತೆರೆದು ಸಾವಿರದ ನೂರು ಸಾಲುಗಳನ್ನು ತೋರಿಸಿದ. ಅನಂತರ ‘ತೆರಪಿನ ವ್ಯತ್ಯಾಸವನ್ನು ಗಣಿಸಬೇಡ’ ಎಂದು ಯಂತ್ರಕ್ಕೆ ಒಂದು ಸೂಚನೆ ಕೊಟ್ಟ. ಪರದೆ ಬರಿದಾಯಿತು. ಉಳಿದದ್ದು ಒಂಬತ್ತು ಸಾಲುಗಳು. ಐದನೆಯದರಲ್ಲಿ ಳಕಾರವೂ ಲಕಾರವೂ ಅಕ್ಕಪಕ್ಕ ಕುಳಿತಿದ್ದವು. ಯಾರು ನೋಡಿದರೂ ಕಾಣುವಂತೆ!

ಹುಡುಗ ತಲೆ ತಗ್ಗಿಸಿದ. ಹುಡುಗಿ ಏನೂ ಹೇಳಲಿಲ್ಲ.

ನನಗೆ ಮಾತ್ರ ಆ ಹೊತ್ತಿನಲ್ಲಿ ನನ್ನ ಎಂ.ಎ. ತರಗತಿಯ ಗ್ರಂಥಸಂಪಾದನೆಯ ಪಾಠಗಳು ನೆನಪಾದವು. ಒಂದು ಹಳಗನ್ನಡ ಕಾವ್ಯದ ನಾಲ್ಕು ಓಲೆಯ ಪ್ರತಿಗಳನ್ನು ಮುಂದಿಟ್ಟುಕೊಂಡ ಸಂಪಾದಕನ ಪಾಡನ್ನು ಊಹಿಸಿಕೊಳ್ಳಿ. ಒಬ್ಬ ಲಿಪಿಕಾರ ಸೊನ್ನೆಯಿಟ್ಟು ‘ಅಂಕ’ ಎಂದು ಬರೆದರೆ, ಇನ್ನೊಬ್ಬ ಅನುನಾಸಿಕವನ್ನೇ ಬಳಸಿ ‘ಅಙ್ಕ’ ಎಂದು ಬರೆಯುತ್ತಾನೆ. ಇಂಥವನ್ನೆಲ್ಲ ಪಾಠಾಂತರವೆಂದು ಅಡಿಟಿಪ್ಪಣಿಯಲ್ಲಿ ಎಣಿಸುತ್ತ ಹೋದರೆ, ಕವಿಯ ಅರ್ಥವನ್ನೇ ಬದಲಿಸುವ ನಿಜವಾದ ಪಾಠಾಂತರ ಅದರಡಿಯಲ್ಲಿ ಹೂತುಹೋಗುತ್ತದೆ. ಆದ್ದರಿಂದ ಸಂಪಾದಕನು ಒಂದು ರೂಪವನ್ನು ಆರಿಸಿಕೊಂಡು, ಪೀಠಿಕೆಯಲ್ಲಿ ಒಮ್ಮೆ ಅದನ್ನು ತಿಳಿಸಿ, ಗ್ರಂಥದುದ್ದಕ್ಕೂ ಹಾಗೆಯೇ ಅಚ್ಚು ಹಾಕಿಸುತ್ತಾನೆ. ಯಾವ ರೂಪವನ್ನು ಆರಿಸಿದ ಎಂಬುದಕ್ಕಿಂತ, ಒಂದನ್ನು ಆರಿಸಿ ಬರೆದಿಟ್ಟ ಎಂಬುದು ಮುಖ್ಯ. ಬಾಹ್ಯರೂಪ ಒಮ್ಮೆ ಸ್ಥಿರವಾಯಿತೆಂದರೆ, ಮತ್ತೆ ಕಾಣುವ ಭೇದಗಳೆಲ್ಲ ಅರ್ಥಭೇದಗಳೇ.

ಇದನ್ನು ಹೇಳಿದಾಗ ನನ್ನ ಹಳೆಯ ವಿದ್ಯಾರ್ಥಿ ನಕ್ಕು, “ನಾವು ಮಾಡುವುದೂ ಇಷ್ಟೇ, ಸಾರ್. ನಮ್ಮ ಪೀಠಿಕೆಯನ್ನು ಯಂತ್ರವೇ ಓದಿ ಪಾಲಿಸುತ್ತೆ” ಎಂದ.

ಒಂದು ಸಂಜೆಯ ಕೆಲಸ

ಮುಂದಿನ ಕೆಲಸ ಒಂದು ಸಂಜೆಯಲ್ಲಿ ಮುಗಿಯಿತು. ಅದರ ಕ್ರಮವನ್ನು ಇಲ್ಲಿ ಬರೆಯುವುದು ಉಚಿತ. ಇಂಥ ತಂಡಗಳು ನಮ್ಮ ನಾಡಿನ ಊರೂರಿನಲ್ಲೂ ಇಂದು ಇವೆ.

ಮೊದಲು ಅವನು ಕೇಳಿದ್ದು, “ನಿನಗೆ ಟ್ಯಾಬ್ ಯಾಕಮ್ಮಾ?” ಎಂದು. ಹುಡುಗಿ ಸ್ವಲ್ಪ ತಡೆದು, “ನನ್ನ ಕಣ್ಣಿನ ಪವರ್ ಜಾಸ್ತಿ, ಸಾರ್. ಎರಡು ಸ್ಪೇಸ್ ಇಟ್ಟರೆ ಯಾವ ಸಾಲು ಒಳಗಿದೆ, ಯಾವುದು ಹೊರಗಿದೆ ಅಂತ ಗೊತ್ತಾಗೋಲ್ಲ. ಟ್ಯಾಬ್ ಆದರೆ ಅಗಲ ಮಾಡಿಕೊಳ್ಳಬಹುದು” ಎಂದಳು. ಸ್ಪೇಸಿನ ಸಂಖ್ಯೆ ಕಡತದಲ್ಲೇ ಅಚ್ಚೊತ್ತಿರುತ್ತದೆ; ಟ್ಯಾಬಿನ ಅಗಲವನ್ನಾದರೋ ನೋಡುವವರು ತಂತಮ್ಮ ಎಡಿಟರಿನಲ್ಲಿ ಬೇಕಾದಷ್ಟಕ್ಕೆ ಇಟ್ಟುಕೊಳ್ಳಬಹುದು. ಹುಡುಗ ಮೊದಲ ಬಾರಿಗೆ ಅವಳ ಕಡೆ ತಿರುಗಿ, “ಮೊದಲೇ ಹೇಳಬಾರದಿತ್ತೆ?” ಎಂದ. “ನೀನು ಕೇಳಿದ್ದರೆ ತಾನೆ” ಎಂದಳು ಅವಳು. ಟ್ಯಾಬ್ ಎಂದು ತೀರ್ಮಾನವಾಯಿತು. ಎರಡು ತಿಂಗಳ ಮೌನ ಮುರಿದದ್ದೂ ಅಲ್ಲೇ.

ಎರಡನೆಯದಾಗಿ, ಕೆಲಸದ ಮೂಲಕೋಶದಲ್ಲಿ ‘ಎಡಿಟರ್‌ಕಾನ್ಫಿಗ್’ ಎಂಬ ಪುಟ್ಟ ಕಡತವೊಂದನ್ನು ಇಟ್ಟ. ತೆರಪಿಗೆ ಟ್ಯಾಬ್, ಅಕ್ಷರಸಂಕೇತ ಯು.ಟಿ.ಎಫ್.-8, ಸಾಲಿನ ಕೊನೆಯಲ್ಲಿ ಉಳಿದ ಖಾಲಿ ಜಾಗವನ್ನು ಅಳಿಸು, ಸಾಲು ಮುಗಿಯುವ ಗುರುತು ಎಲ್ಲ ಕಡೆಯೂ ಒಂದೇ ಇರಲಿ—ಹೀಗೆ ಆರೇಳು ಸಾಲುಗಳು. ವಿಂಡೋಸ್ ಯಂತ್ರಗಳು ಸಾಲಿನ ಕೊನೆಗೆ ವಾಡಿಕೆಯಾಗಿ ಎರಡು ಗುಪ್ತ ಚಿಹ್ನೆಗಳನ್ನು ಇಡುತ್ತವೆ, ಲಿನಕ್ಸ್ ಯಂತ್ರಗಳು ಒಂದನ್ನು. ಕಣ್ಣಿಗೆ ಕಾಣದ ಈ ಭೇದವೊಂದೇ ಇಡೀ ಕಡತ ಬದಲಾದಂತೆ ತೋರಿಸಲು ಸಾಕು. ಯು.ಟಿ.ಎಫ್.-8 ಎಂದು ಗೊತ್ತುಮಾಡುವುದು ನಮ್ಮಂಥವರಿಗೆ ಇನ್ನೂ ಅವಶ್ಯಕ. ಬೇರೆ ಸಂಕೇತದಲ್ಲಿ ಉಳಿಸಿದರೆ ಕನ್ನಡದ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೋದಾವು. ಅನೇಕ ಎಡಿಟರುಗಳು ಈ ಕಡತವನ್ನು ತಾವಾಗಿಯೇ ಓದಿಕೊಳ್ಳುತ್ತವೆ. ಮಿಕ್ಕವಕ್ಕೆ ಒಂದು ಉಪಾಂಗವನ್ನು ಸೇರಿಸಬೇಕು. ಟ್ಯಾಬಿನ ಅಗಲವನ್ನು ಮಾತ್ರ ಅವನು ಬೇಕೆಂದೇ ಬರೆಯಲಿಲ್ಲ; ಅದು ಅವರವರ ಕಣ್ಣಿಗೆ ಬಿಟ್ಟದ್ದು.

ಮೂರನೆಯದು ‘ಪ್ರೆಟಿಯರ್’ ಎಂಬ ಫಾರ್ಮ್ಯಾಟರ್. ಜೇಮ್ಸ್ ಲಾಂಗ್ ಎಂಬವರು 2017ರ ಜನವರಿಯಲ್ಲಿ ಇದನ್ನು ಲೋಕಕ್ಕೆ ತಂದರು. ಇದರ ಕಾರ್ಯವಿಧಾನ ವಿಲಕ್ಷಣವಾದುದು. ನಾವು ಬರೆದದ್ದನ್ನು ಅಲ್ಲಲ್ಲಿ ತಿದ್ದುವುದು ಇದರ ರೀತಿಯಲ್ಲ. ಮೊದಲು ಪ್ರೋಗ್ರಾಮನ್ನು ಓದಿ ಅದರ ವ್ಯಾಕರಣದ ರಚನೆಯನ್ನು ಗ್ರಹಿಸುತ್ತದೆ. ನಮ್ಮ ಸಾಲುಗಳ ಜೋಡಣೆಯನ್ನು ಬಹುಮಟ್ಟಿಗೆ ಮರೆತುಬಿಡುತ್ತದೆ. ಆ ರಚನೆಯಿಂದ ಪ್ರೋಗ್ರಾಮನ್ನು ಮೊದಲಿನಿಂದ ಹೊಸದಾಗಿ ಬರೆದಿಡುತ್ತದೆ. ಸಾಲಿನಲ್ಲಿ ಹಿಡಿಸಿದರೆ ಒಂದೇ ಸಾಲು. ಹಿಡಿಸದಿದ್ದರೆ ಗೊತ್ತಾದ ಜಾಗದಲ್ಲಿ ಒಡೆಯುತ್ತದೆ. ಯಾರು ಬರೆದರೂ ಒಂದೇ ಕೈ ಬರೆದಂತೆ ಕಾಣುವುದು ಇದರಿಂದಲೇ. ಇದಕ್ಕೂ ಒಂದು ನಿಯಮಗಳ ಕಡತ ಬೇಕು. ಆದರೆ ಆಯ್ಕೆಗಳನ್ನು ಅದರ ಕರ್ತೃಗಳು ಬೇಕೆಂದೇ ಕಡಿಮೆ ಇಟ್ಟಿದ್ದಾರೆ. ಆಯ್ಕೆ ಹೆಚ್ಚಿದಷ್ಟೂ ವಾದ ಹೆಚ್ಚುತ್ತದೆಂಬುದು ಅವರ ಅನುಭವ.

ಇಲ್ಲಿ ಒಂದು ಎಚ್ಚರಿಕೆಯನ್ನು ಅವನು ಎರಡು ಬಾರಿ ಹೇಳಿದ. ಫಾರ್ಮ್ಯಾಟರಿನ ಆವೃತ್ತಿಯ ಸಂಖ್ಯೆಯನ್ನು ಸರಿಯಾಗಿ ಇಂಥದೇ ಎಂದು ಗೊತ್ತುಮಾಡಬೇಕು. ಒಬ್ಬರ ಯಂತ್ರದಲ್ಲಿ ಹಳೆಯ ಆವೃತ್ತಿ, ಇನ್ನೊಬ್ಬರಲ್ಲಿ ಹೊಸದು ಇದ್ದರೆ, ಎರಡೂ ಬೇರೆ ಬೇರೆ ರೀತಿಯಲ್ಲಿ ಜೋಡಿಸಿ, ಬಿಟ್ಟುಹೋದ ಜಗಳ ಮತ್ತೆ ಬಂದು ಬಾಗಿಲು ತಟ್ಟುತ್ತದೆ.

ನಾಲ್ಕನೆಯದಾಗಿ, ಯಾವುದನ್ನು ಮುಟ್ಟಬಾರದೆಂಬುದರ ಪಟ್ಟಿ. ನಮ್ಮ ಪದಗಳ ಮೂಲಸಂಗ್ರಹದ ಕಡತವನ್ನು ಅದರಲ್ಲಿ ಸೇರಿಸಿದ. ಅದು ಬೇರೊಂದು ಪ್ರೋಗ್ರಾಮಿನಿಂದ ತಾನಾಗಿ ತಯಾರಾಗುವ ಕಡತ. ಅದನ್ನು ಅಂದಗೊಳಿಸಿ ಫಲವಿಲ್ಲ.

ಐದನೆಯದು ಎಲ್ಲಕ್ಕಿಂತ ಸೂಕ್ಷ್ಮವಾದ ಹೆಜ್ಜೆ. ಇರುವ ಕೋಡನ್ನೆಲ್ಲ ಒಂದು ಬಾರಿ ಹೊಸ ನಿಯಮಕ್ಕೆ ತರಬೇಕಷ್ಟೆ. ಅದನ್ನು ಒಂದೇ ಕಮಿಟ್ಟಿನಲ್ಲಿ, ಬೇರೆ ಯಾವ ತಿದ್ದುಪಡಿಯನ್ನೂ ಬೆರೆಸದೆ, ಮಾಡಬೇಕು. ಬೆರೆಸಿದರೆ ‘ಬೆಳೆ–ಬೆಲೆ’ಯ ಕಥೆ ಮರುಕಳಿಸುತ್ತದೆ. ಇಷ್ಟಾದರೂ ಒಂದು ತೊಡಕುಂಟು: ಯಾವ ಸಾಲನ್ನು ಯಾರು, ಏಕೆ ಬರೆದರೆಂದು ಗಿಟ್ ಎಂಬ ವ್ಯವಸ್ಥೆಯನ್ನು ಕೇಳಿದರೆ, ಪ್ರತಿಯೊಂದಕ್ಕೂ ಅಂದು ಫಾರ್ಮ್ಯಾಟ್ ಮಾಡಿದವರ ಹೆಸರೇ ಬರುತ್ತದೆ. ಆರು ತಿಂಗಳ ಚರಿತ್ರೆ ಅಳಿಸಿಹೋದಂತೆಯೇ ಸರಿ. ಇದಕ್ಕೆ ಪರಿಹಾರ 2019ರಲ್ಲಿ ಗಿಟ್ಟಿನ 2.23ನೆಯ ಆವೃತ್ತಿಯೊಡನೆ ಬಂದಿತು. ಆ ಒಂದು ಕಮಿಟ್ಟಿನ ಗುರುತನ್ನು ಒಂದು ಕಡತದಲ್ಲಿ ಬರೆದು, ‘ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ’ ಎಂದು ತಿಳಿಸಿದರೆ, ಗಿಟ್ ಅದನ್ನು ದಾಟಿ ಹಿಂದಿನ ನಿಜವಾದ ಲೇಖಕನನ್ನು ತೋರಿಸುತ್ತದೆ.

ಆರನೆಯದು ಕಾವಲು. ಮನುಷ್ಯನ ನೆನಪನ್ನು ನಂಬಿ ಯಾವ ನಿಯಮವೂ ಬಾಳುವುದಿಲ್ಲ. ಆದ್ದರಿಂದ ಎರಡು ಕಡೆ ಕಾವಲಿಟ್ಟ. ಕಮಿಟ್ ಮಾಡುವ ಮುನ್ನ ಬದಲಾದ ಕಡತಗಳನ್ನು ಮಾತ್ರ ಫಾರ್ಮ್ಯಾಟರ್ ತಾನಾಗಿ ಸರಿಪಡಿಸುವುದು ಒಂದು. ಮೂಲಪ್ರತಿಗೆ ಸೇರುವ ಮುನ್ನ ಸರ್ವರಿನಲ್ಲಿ ‘ಎಲ್ಲವೂ ನಿಯಮದಂತಿದೆಯೆ’ ಎಂದು ತಪಾಸಣೆ ನಡೆಸಿ, ಇಲ್ಲವಾದರೆ ತಡೆಹಿಡಿಯುವುದು ಇನ್ನೊಂದು. ಮೊದಲನೆಯದನ್ನು ಆತುರಗಾರರು ತಪ್ಪಿಸಿಕೊಳ್ಳಬಹುದು. ಎರಡನೆಯದರ ಕಣ್ಣಿಗೆ ಮಣ್ಣೆರಚಲಾಗದು.

ಹಂಚಿಕೊಂಡು ಬಳಸುವ ನಿಯಮ

“ನಿಮ್ಮಲ್ಲಿ ಇದೊಂದೇ ಪ್ರೋಗ್ರಾಮೋ, ಬೇರೆಯೂ ಇದೆಯೋ?” ಎಂದು ಅವನು ಕೇಳಿದ. ಗಾದೆಗಳ ಸಂಗ್ರಹಕ್ಕೆ ಒಂದು, ಕಾಲೇಜಿನ ಪುಸ್ತಕಭಂಡಾರದ ಲೆಕ್ಕಕ್ಕೆ ಒಂದು ಸಿದ್ಧವಾಗುತ್ತಿದ್ದವು. ಸಾಮಾನ್ಯವಾಗಿ ಎಲ್ಲರೂ ಮಾಡುವುದೇನು? ನಿಯಮಗಳ ಕಡತವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ನಕಲು ಮಾಡುತ್ತಾರೆ. ಆರು ತಿಂಗಳು ಕಳೆಯುವುದರಲ್ಲಿ ಒಂದನ್ನು ತಿದ್ದಿರುತ್ತಾರೆ, ಮಿಕ್ಕೆರಡನ್ನು ಮರೆತಿರುತ್ತಾರೆ. ಓಲೆಯ ಪ್ರತಿಗಳು ಶಾಖೋಪಶಾಖೆಯಾಗಿ ಒಡೆದುಹೋದ ಬಗೆಯೂ ಇದೇ ಅಲ್ಲವೆ?

ಇದನ್ನು ತಪ್ಪಿಸಲು ಅವನು ನಿಯಮಗಳ ಕಡತವನ್ನು ಬೇರೆಯೇ ಒಂದು ಸಣ್ಣ ಪ್ಯಾಕೇಜಾಗಿ ಮಾಡಿದ. ಅದರೊಳಗಿರುವುದು ಹತ್ತು ಸಾಲು, ಅಷ್ಟೆ. ಮೂರೂ ಪ್ರೋಗ್ರಾಮುಗಳು ಆ ಪ್ಯಾಕೇಜನ್ನು ತರಿಸಿಕೊಂಡು, ತಮ್ಮ ಕಡತದಲ್ಲಿ ಅದರ ಹೆಸರನ್ನು ಒಂದು ಸಾಲಿನಲ್ಲಿ ಬರೆದುಕೊಂಡವು. ಇನ್ನು ನಿಯಮ ಬದಲಾಗಬೇಕಾದರೆ ಒಂದೆಡೆ ಚರ್ಚಿಸಿ, ಒಂದೆಡೆ ತಿದ್ದಿ, ಹೊಸ ಆವೃತ್ತಿಯ ಸಂಖ್ಯೆ ಕೊಡಬೇಕು. ಉಳಿದವರು ತಮಗೆ ಬಿಡುವಾದಾಗ ಆ ಆವೃತ್ತಿಗೆ ಬರುತ್ತಾರೆ. ಒಂದು ಪ್ರೋಗ್ರಾಮಿಗೆ ನಿಜವಾಗಿ ಬೇರೆ ಅಗತ್ಯವಿದ್ದರೆ, ಸಾಮಾನ್ಯ ನಿಯಮವನ್ನು ತಂದುಕೊಂಡು ಆ ಒಂದನ್ನು ಮಾತ್ರ ಬದಲಿಸಿಕೊಳ್ಳುವ ಮಾರ್ಗವೂ ಉಂಟು. “ಆದರೆ ಆ ಬಾಗಿಲನ್ನು ಬೀಗ ಹಾಕಿಯೇ ಇಡಿ. ವಿನಾಯಿತಿ ಮೂರು ದಾಟಿತೆಂದರೆ ನಿಯಮ ಇದ್ದೂ ಇಲ್ಲದ ಹಾಗೆ” ಎಂದ.

ಫಾರ್ಮ್ಯಾಟರಿಗೂ ಲಿಂಟರಿಗೂ ಇರುವ ಭೇದವನ್ನು ಮಕ್ಕಳು ಕೇಳಿದರು. ಫಾರ್ಮ್ಯಾಟರ್ ರೂಪವನ್ನು ನೋಡಿಕೊಳ್ಳುತ್ತದೆ. ಲಿಂಟರ್ ಸಂಶಯಾಸ್ಪದವಾದ ಅರ್ಥವನ್ನು ಎತ್ತಿತೋರಿಸುತ್ತದೆ—ಹೆಸರಿಟ್ಟು ಬಳಸದ ವಸ್ತು, ಎಂದೂ ನಡೆಯದ ಸಾಲು, ಇಂಥವು. ಎರಡಕ್ಕೂ ಒಂದೇ ಅಧಿಕಾರ ಕೊಟ್ಟರೆ ಒಂದು ಸರಿಸಿದ್ದನ್ನು ಇನ್ನೊಂದು ತಪ್ಪೆನ್ನುತ್ತದೆ. ಜಾವಾಸ್ಕ್ರಿಪ್ಟಿನ ಪ್ರಸಿದ್ಧ ಲಿಂಟರ್ ಆದ ಇ.ಎಸ್.ಲಿಂಟ್ ತಂಡದವರು 2023ರಲ್ಲಿ ರೂಪಕ್ಕೆ ಸಂಬಂಧಿಸಿದ ತಮ್ಮ ನಿಯಮಗಳನ್ನು ಕೈಬಿಡುವುದಾಗಿ ಸಾರಿ, ಆ ಕೆಲಸವನ್ನು ಫಾರ್ಮ್ಯಾಟರುಗಳಿಗೇ ಬಿಟ್ಟುಕೊಟ್ಟದ್ದು ಈ ಕಾರಣದಿಂದ ಸ್ವಾಗತಾರ್ಹ.

ಪೂರ್ವಿಕರ ದಾರಿ

ಯಂತ್ರದಿಂದಲೇ ಪ್ರೋಗ್ರಾಮನ್ನು ಅಂದವಾಗಿ ಬರೆಸುವ ಯೋಚನೆ ಹೊಸದೇನಲ್ಲ. 1960ರ ದಶಕದಲ್ಲೇ ಬಿಲ್ ಗಾಸ್ಪರ್ ಲಿಸ್ಪ್ ಭಾಷೆಗೆ ಇಂಥದೊಂದನ್ನು ರಚಿಸಿದರು. 1976ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಸಿ ಭಾಷೆಗಾಗಿ ‘ಇಂಡೆಂಟ್’ ಹುಟ್ಟಿತು. ಆದರೆ ಅದಕ್ಕೆ ಆಯ್ಕೆಗಳು ಹತ್ತಾರು. ಊರಿಗೊಂದು ರೀತಿ ಉಳಿದೇ ಉಳಿಯಿತು. ಈ ವಾದವನ್ನು ಬುಡಸಮೇತ ಕಿತ್ತವರು ಗೋ ಭಾಷೆಯವರು. ಗೂಗಲ್ ಸಂಸ್ಥೆಯಿಂದ 2009ರಲ್ಲಿ ಬಹಿರಂಗವಾದ ಆ ಭಾಷೆಯೊಡನೆಯೇ ‘ಗೋಫಮ್ಟ್’ ಎಂಬ ಫಾರ್ಮ್ಯಾಟರ್ ಬಂದಿತು. ತೆರಪಿಗೆ ಟ್ಯಾಬ್, ಬೇರೆ ಬೇಕೆಂದರೆ ಆಯ್ಕೆಯೇ ಇಲ್ಲ! ಅದರ ಶೈಲಿ ಯಾರೊಬ್ಬರ ಮೆಚ್ಚಿನದೂ ಅಲ್ಲ, ಆದರೂ ಅದು ಎಲ್ಲರಿಗೂ ಅಚ್ಚುಮೆಚ್ಚು ಎಂಬರ್ಥದ ಮಾತನ್ನು ಆ ಭಾಷೆಯ ಕರ್ತೃಗಳಲ್ಲಿ ಒಬ್ಬರಾದ ರಾಬ್ ಪೈಕ್ ಹೇಳಿದ್ದಾರೆ. ಪೈಥಾನಿಗೆ 2018ರಲ್ಲಿ ‘ಬ್ಲ್ಯಾಕ್’ ಬಂದಿತು.

ಪೈಥಾನಿನ ಮಾತು ಬಂದಾಗ ಒಂದು ವಿಶೇಷವನ್ನು ಹೇಳಬೇಕು. ಆ ಭಾಷೆಯಲ್ಲಿ ಸಾಲಿನ ಮೊದಲಿನ ತೆರಪಿಗೆ ಅರ್ಥವುಂಟು. ಅದನ್ನು ಬದಲಿಸಿದರೆ ಅಪ್ಪಣೆಯೇ ಬದಲಾದೀತು. ಹಳಗನ್ನಡದಲ್ಲಿ ‘ಅಳಿ’ ಎಂದರೆ ದುಂಬಿ, ‘ಅೞಿ’ ಎಂದರೆ ನಾಶವಾಗು. ಇದನ್ನು ಸೊನ್ನೆಯಂತೆ ಬರಿಯ ಬರಹದ ಭೇದವೆಂದು ಭಾವಿಸಿ ಸಮಮಾಡಿದ ಸಂಪಾದಕ ಕೆಟ್ಟ! ಆದ್ದರಿಂದಲೇ ಬ್ಲ್ಯಾಕ್ ತಾನು ಬರೆದದ್ದಕ್ಕೂ ಮೂಲಕ್ಕೂ ವ್ಯಾಕರಣದ ರಚನೆ ಸಮವಾಗಿದೆಯೆ ಎಂದು ಹೋಲಿಸಿ ನೋಡುತ್ತದೆ. ಯಾವುದು ರೂಪ, ಯಾವುದು ಅರ್ಥ ಎಂಬ ವಿವೇಕ ಯಂತ್ರಕ್ಕೂ ಬೇಕು.

ರೂಪ ಕೆಟ್ಟು ಅರ್ಥ ಮರೆಯಾದ ಪ್ರಸಂಗಗಳು ಸಣ್ಣ ಕಾಲೇಜುಗಳಲ್ಲಿ ಮಾತ್ರ ನಡೆಯುತ್ತವೆಂದು ಭಾವಿಸಬಾರದು. 2014ರ ಫೆಬ್ರವರಿಯಲ್ಲಿ ಆಪಲ್ ಸಂಸ್ಥೆ ತನ್ನ ಫೋನುಗಳಿಗೆ ಅವಸರದ ತಿದ್ದುಪಡಿಯೊಂದನ್ನು ಹೊರಡಿಸಿತು. ಕೆಲವು ದಿನಗಳಲ್ಲೇ ಕಂಪ್ಯೂಟರುಗಳಿಗೂ ಹೊರಡಿಸಿತು. ಅಂತರ್ಜಾಲದಲ್ಲಿ ನಾವು ಮಾತನಾಡುತ್ತಿರುವ ತಾಣ ನಿಜವಾದದ್ದೇ ಎಂದು ಸಹಿಯನ್ನು ಪರೀಕ್ಷಿಸುವ ಕೋಡಿನಲ್ಲಿ, ‘ಸೋತರೆ ಹೊರಕ್ಕೆ ಹೋಗು’ ಎಂಬರ್ಥದ ‘ಗೋಟು ಫೇಲ್’ ಎಂಬ ಸಾಲು ಒಂದರ ಕೆಳಗೊಂದು ಎರಡು ಬಾರಿ ಬಿದ್ದಿತ್ತು. ಮೊದಲನೆಯದು ‘ಹೀಗಾದರೆ’ ಎಂಬ ಷರತ್ತಿಗೆ ಅಧೀನ. ಎರಡನೆಯದು ಯಾವ ಷರತ್ತಿಗೂ ಸೇರದೆ, ಎಂದೆಂದೂ ನಡೆಯುವ ಅಪ್ಪಣೆಯಾಯಿತು. ಸಹಿಯ ಕೊನೆಯ ಪರೀಕ್ಷೆ ನಡೆಯದೆಯೇ ಎಲ್ಲವೂ ಸರಿಯಿದೆಯೆಂಬ ಉತ್ತರ ಹೊರಬೀಳುತ್ತಿತ್ತು. ನಡುವೆ ಕುಳಿತ ಕಳ್ಳನಿಗೆ ಬಾಗಿಲು ತೆರೆದಂತಾಯಿತು. ಎರಡೂ ಸಾಲುಗಳು ಒಂದೇ ತೆರಪಿನಲ್ಲಿ, ಒಂದೇ ಷರತ್ತಿನ ಮಕ್ಕಳಂತೆ, ನಿಂತಿದ್ದುದೇ ಕಣ್ಣಿಗೆ ಆದ ಮೋಸ. ಫಾರ್ಮ್ಯಾಟರ್ ಒಂದು ಆ ಕಡತದ ಮೇಲೆ ಹಾದುಹೋಗಿದ್ದರೆ ಎರಡನೆಯ ಸಾಲನ್ನು ಎಡಕ್ಕೆ ಎಳೆದು ನಿಲ್ಲಿಸುತ್ತಿತ್ತು. ಅದರ ಅನಾಥಸ್ಥಿತಿ ಯಾರಿಗಾದರೂ ಕಾಣಿಸುವ ಸಂಭವವಿತ್ತು. 2016ರಲ್ಲಿ ಬಂದ ಜಿ.ಸಿ.ಸಿ. 6ನೆಯ ಆವೃತ್ತಿ ಇಂಥ ಮೋಸದ ತೆರಪನ್ನು ಕಂಡರೆ ಎಚ್ಚರಿಸುವ ಏರ್ಪಾಡನ್ನು ಮಾಡಿತು.

ಆದರೆ ಫಾರ್ಮ್ಯಾಟರ್ ಸರ್ವರೋಗಕ್ಕೂ ಮದ್ದಲ್ಲ. ಅಂದು ನಮ್ಮಲ್ಲಿ ಅದು ಇದ್ದಿದ್ದರೂ ಳಕಾರ ಲಕಾರಗಳನ್ನು ಒಂದು ಮಾಡಿದ ಸಾಲನ್ನು ತೆಗೆದುಹಾಕುತ್ತಿರಲಿಲ್ಲ. ಅದನ್ನೂ ಚೆನ್ನಾಗಿ ಜೋಡಿಸಿ ಇಡುತ್ತಿತ್ತು. ಒಂಬತ್ತು ಸಾಲುಗಳನ್ನು ಮಾತ್ರ ಓದುವವರ ಮುಂದಿಟ್ಟು, ‘ಇನ್ನು ನೀವು ನೋಡಿ’ ಎನ್ನುತ್ತಿತ್ತು. ನೋಡುವ ಕೆಲಸ ಮನುಷ್ಯರದೇ. ನೋಡಲು ಸಾಧ್ಯವಾಗುವಂತೆ ಮಾಡಿಕೊಡುವುದಷ್ಟೆ ನಿಯಮದ ಉಪಕಾರ.

ಆ ಸಂಜೆ ಕಾಫಿ ಮುಗಿದ ಮೇಲೆ ಮಕ್ಕಳಿಬ್ಬರೂ ಒಂದೇ ದಾರಿಯಲ್ಲಿ ಹಾಸ್ಟೆಲಿನ ಕಡೆ ಹೊರಟರು. ಯುಗಾದಿಯ ಹೊತ್ತಿಗೆ ಪದಕೋಶದ ಕೆಲಸ ಮೊದಲಿಗಿಂತ ಚುರುಕಾಗಿ ನಡೆಯಿತು. ಒಂದು ದಿನ ಹುಡುಗಿ, “ಸಾರ್, ಈ ಸಲ ಇವನದು ನಾಲ್ಕೇ ಸಾಲು. ಮೂರನೆಯದು ತಪ್ಪು” ಎಂದು ನನ್ನೆದುರಿಗೇ ಹೇಳಿದಳು. ಹುಡುಗ ನಕ್ಕು ತಿದ್ದಿಕೊಂಡ. ಎರಡು ತಿಂಗಳು ಮಾತು ಬಿಡಿಸಿದಂಥ ತಪ್ಪು ಈಗ ಅರ್ಧ ನಿಮಿಷದ ಕೆಲಸವಾಗಿತ್ತು.

ಕಳೆದ ತಿಂಗಳು ಆ ವೃದ್ಧರು ಮತ್ತೆ ಕಾಲೇಜಿಗೆ ಬಂದಿದ್ದರು. ಕಣದ ಕೆಲಸಕ್ಕೆ ಸಂಬಂಧಿಸಿದ ಹೊಸ ಪದಗಳನ್ನು ಹೇಳುವುದಿತ್ತಂತೆ. ನಾನು ಕೇಳುವ ಮುನ್ನವೇ, “ಅದೇನು, ಬೆಳೆ ಈಗಲಾದರೂ ಬಂತೇ?” ಎಂದರು. ಹುಡುಗಿ ಯಂತ್ರವನ್ನು ಅವರ ಮುಂದಿಟ್ಟಳು. ‘ಬೆಳೆ’ ಎಂದು ಒತ್ತಿದರು, ಬೆಳೆ ಬಂದಿತು. ‘ಬೆಲೆ’ ಎಂದು ಒತ್ತಿದರು, ಬೆಲೆ ಬಂದಿತು. ಅವರು ಕನ್ನಡಕವನ್ನು ತೆಗೆದು ವಸ್ತ್ರದಿಂದ ಒರೆಸಿಕೊಳ್ಳುತ್ತ, “ಎರಡೂ ಬೇಕು, ಸ್ವಾಮಿ. ಆದರೆ ಒಂದು ಇನ್ನೊಂದನ್ನು ನುಂಗಬಾರದು” ಎಂದರು, ಮತ್ತೆ, ಕಣದ ಪದಗಳನ್ನು ಹೇಳ ಹತ್ತಿದರು. ಹುಡುಗ ಬರೆದುಕೊಳ್ಳತೊಡಗಿದ.